ಕೆಲಸದ ಪತ್ರಕ್ಕೆ ದುಡ್ಡು ಕೊಡಬೇಕಾದವರು ಯಾರು?

ಹೆಬ್ಬಾಳದಿಂದ ಆರ್.ಟಿ. ನಗರದ ಕಡೆಗೆ ನಡೆದುಕೊಂಡು ಹೋದರೆ ಸಾಕು, ಅರ್ಧ ಪ್ರಪಂಚದ ಹೆಸರನ್ನು ಬೋರ್ಡುಗಳಲ್ಲೇ ಓದಿ ಮುಗಿಸಬಹುದು. ಕೆಳಗೆ ಬೇಕರಿ, ಮೇಲೆ ಜರ್ಮನ್ ಕ್ಲಾಸು. ಪಕ್ಕದಲ್ಲಿ ಮೆಡಿಕಲ್ ಸ್ಟೋರು, ಅದರ ಮಹಡಿಯಲ್ಲಿ ಕೆನಡಾ ಪಿ.ಆರ್. ಯಲಹಂಕದ ಕಡೆ ನರ್ಸಿಂಗ್ ಕಾಲೇಜು ಬಿಡುವ ಹೊತ್ತಿಗೆ ಗೇಟಿನ ಬಳಿ ಪಾಂಪ್ಲೆಟ್ ಹಂಚುತ್ತಾರೆ. ಯಶವಂತಪುರದ ಪಿ.ಜಿ.ಗಳ ಗೋಡೆಯಲ್ಲಿ, ಊಟದ ಪಟ್ಟಿಯ ಪಕ್ಕದಲ್ಲೇ, ‘ವಿದೇಶದಲ್ಲಿ ಕೆಲಸ, ಆಫರ್ ಲೆಟರ್ ಗ್ಯಾರಂಟಿ’ ಎಂಬ ಚೀಟಿ ಅಂಟಿರುತ್ತದೆ.

ಈ ಚೀಟಿ ಓದುವವರಲ್ಲಿ ಬಹಳ ಮಂದಿ ನಮ್ಮ ನಿಮ್ಮ ಊರಿನ ಮಕ್ಕಳು. ಬೀದರ್, ವಿಜಯಪುರದ ಕಡೆಯಿಂದ ಯಶವಂತಪುರಕ್ಕೆ ರೈಲಿನಲ್ಲಿ ಬಂದು ಇಳಿದವರು. ಪೀಣ್ಯದ ವರ್ಕ್‌ಶಾಪ್‌ನಲ್ಲಿ ಸಿಎನ್‌ಸಿ ಮೆಷಿನ್ ಓಡಿಸುವ ಐಟಿಐ ಹುಡುಗರು. ಸಾಲ ಮಾಡಿ ಬಿ.ಎಸ್ಸಿ. ನರ್ಸಿಂಗ್ ಓದಿಸಿದ ರೈತರ ಹೆಣ್ಣುಮಕ್ಕಳು. ಹೊರದೇಶಕ್ಕೆ ಹೋಗಬೇಕು ಎಂಬ ಅವರ ಆಸೆಯಲ್ಲಿ ತಪ್ಪೇನೂ ಇಲ್ಲ. ಕೈಯಲ್ಲಿ ವಿದ್ಯೆ ಇದೆ, ಹೊರಗೆ ಅದಕ್ಕೆ ಬೆಲೆ ಇದೆ. ಹೋಗಲಿ, ಚೆನ್ನಾಗಿ ದುಡಿಯಲಿ.

ನಮ್ಮ ತಕರಾರು ಇರುವುದು ನಡುವೆ ಕೂತು ವ್ಯಾಪಾರ ಮಾಡುವವರ ಮೇಲೆ. ಕಾಲೇಜು ಮುಗಿಸಿ ಊರು ಮತ್ತು ಬೆಂಗಳೂರಿನ ನಡುವೆ ಓಡಾಡುವ ನಮಗೆ ಊರಿಂದ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ‘ಹುಡುಗಿಗೆ ಲಂಡನ್ನಿನಿಂದ ಕೆಲಸದ ಲೆಟರ್ ಬಂದಿದೆಯಂತೆ, ಹತ್ತು ಲಕ್ಷ ಕಟ್ಟಬೇಕಂತೆ, ಕಟ್ಟಬಹುದಾ?’

ನಮ್ಮ ಉತ್ತರ ಇಷ್ಟೇ. ನಿಜವಾದ ಕೆಲಸದ ಪತ್ರಕ್ಕೆ ಖರ್ಚು ಮಾಡುವವನು ಕೆಲಸ ಕೊಡುವ ಧಣಿ. ಕೆಲಸಕ್ಕೆ ಹೋಗುವವರ ಕೈಯಿಂದಲೇ ಲಕ್ಷಗಟ್ಟಲೆ ಕೇಳುತ್ತಿದ್ದಾರೆ ಎಂದರೆ ಆ ಪತ್ರ ಸುಳ್ಳಾಗಿರುತ್ತದೆ, ಇಲ್ಲವೇ ಕಾನೂನಿಗೆ ವಿರುದ್ಧವಾಗಿ ಮಾರಾಟಕ್ಕೆ ಇಟ್ಟದ್ದಾಗಿರುತ್ತದೆ. ಎರಡರಲ್ಲಿ ಯಾವುದಾದರೂ ಮುಳುಗುವುದು ನಮ್ಮವರೇ. ಯಾಕೆ ಹೀಗೆ ಹೇಳುತ್ತೇವೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಎಲ್ಲ ಪತ್ರವೂ ಒಂದೇ ಅಲ್ಲ

ಊರಲ್ಲಿ ಜಮೀನು ವ್ಯವಹಾರ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬಿಳಿ ಹಾಳೆಯ ಮೇಲೆ ‘ಈ ಎರಡು ಎಕರೆ ನಿಮಗೆ ಮಾರಿದ್ದೇನೆ’ ಎಂದು ಬರೆದು ಸಹಿ ಹಾಕಿದರೆ ಜಮೀನು ನಿಮ್ಮದಾಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿಯಾಗಬೇಕು, ಆಮೇಲೆ ಪಹಣಿಯಲ್ಲಿ ಹೆಸರು ಏರಬೇಕು. ವಿದೇಶದ ಕೆಲಸದ ಪತ್ರವೂ ಹಾಗೆಯೇ. ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಬಂದ ಪಿಡಿಎಫ್ ಬಿಳಿ ಹಾಳೆಯ ಕರಾರಿದ್ದಂತೆ. ಆ ದೇಶದ ಸರ್ಕಾರ ಒಪ್ಪುವ ನೋಂದಣಿ ಅದರ ಹಿಂದೆ ಇರಬೇಕು. ಅದಿಲ್ಲದಿದ್ದರೆ ವೀಸಾ ಕಚೇರಿಯಲ್ಲಿ ಆ ಹಾಳೆಗೆ ಬೆಲೆ ಇಲ್ಲ.

ಬ್ರಿಟನ್ನಿನ ಲೆಕ್ಕ ನೋಡಿ. ಅಲ್ಲಿ ಹೊರದೇಶದವರನ್ನು ನುರಿತ ಕೆಲಸಕ್ಕೆ ಕರೆಸಿಕೊಳ್ಳುವ ಸಂಸ್ಥೆ ಮೊದಲು ಅಲ್ಲಿನ ಗೃಹ ಇಲಾಖೆಯಿಂದ ಲೈಸೆನ್ಸ್ ಪಡೆದಿರಬೇಕು. ಲೈಸೆನ್ಸ್ ಇರುವ ಸಂಸ್ಥೆ ನಿಮ್ಮ ಹೆಸರಿಗೆ ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’ ಕೊಡಬೇಕು. ಹೆಸರು ಸರ್ಟಿಫಿಕೇಟ್ ಎಂದಿದ್ದರೂ ಅದು ಫ್ರೇಮು ಹಾಕಿಸುವ ಕಾಗದವಲ್ಲ. ಸರ್ಕಾರದ ಕಂಪ್ಯೂಟರಿನಲ್ಲಿ ಇರುವ ಒಂದು ದಾಖಲೆ, ಅದಕ್ಕೊಂದು ನಂಬರು. ಆ ನಂಬರು ಸಿಕ್ಕ ಮೂರು ತಿಂಗಳ ಒಳಗೆ ವೀಸಾಕ್ಕೆ ಅರ್ಜಿ ಹಾಕಬೇಕು.

ಅಷ್ಟೇ ಅಲ್ಲ, ಕೆಲಸಕ್ಕೂ ಸಂಬಳಕ್ಕೂ ಮಟ್ಟ ಇದೆ. 2024ರ ಏಪ್ರಿಲ್‌ನಲ್ಲಿ ಈ ವೀಸಾಕ್ಕೆ ಬೇಕಾದ ಸಾಮಾನ್ಯ ವಾರ್ಷಿಕ ಸಂಬಳವನ್ನು 26,200 ಪೌಂಡಿನಿಂದ 38,700 ಪೌಂಡಿಗೆ ಏರಿಸಿದರು. 2025ರ ಜುಲೈ 22ರಿಂದ ಅದು 41,700 ಪೌಂಡ್. ನಮ್ಮ ಲೆಕ್ಕದಲ್ಲಿ ವರ್ಷಕ್ಕೆ 45 ಲಕ್ಷ ರೂಪಾಯಿಗೂ ಹೆಚ್ಚು. ಅದೇ ದಿನದಿಂದ ಬಹುತೇಕ ಕೆಲಸಗಳು ಪದವಿ ಮಟ್ಟದವು ಆಗಿರಬೇಕು ಎಂದೂ ಮಾಡಿದರು. ನರ್ಸ್‌ಗಳಿಗೆ ಬೇರೆ ದಾರಿ, ಬೇರೆ ಸಂಬಳದ ಲೆಕ್ಕ ಇದೆ. ಆದರೆ ವಯಸ್ಸಾದವರನ್ನು ನೋಡಿಕೊಳ್ಳುವ ‘ಕೇರ್ ವರ್ಕರ್’ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವ ದಾರಿಯನ್ನು ಆ ದಿನವೇ ಮುಚ್ಚಿದರು. ಹೀಗಿದ್ದೂ ‘ಯುಕೆ ಕೇರ್ ವರ್ಕರ್, ಇಂದೇ ಬುಕ್ ಮಾಡಿ’ ಎಂಬ ಮೆಸೇಜು ಇವತ್ತು ನಿಮ್ಮ ಫೋನಿಗೆ ಬಂದರೆ, ಮುಚ್ಚಿದ ಬಾಗಿಲಿಗೆ ಟಿಕೆಟ್ ಮಾರುತ್ತಿದ್ದಾರೆ ಎಂದೇ ತಿಳಿಯಿರಿ.

ಕೆನಡಾದಲ್ಲಿ ಇನ್ನೊಂದು ಬಗೆ. ಸಾಮಾನ್ಯವಾಗಿ ಅಲ್ಲಿನ ಧಣಿ ಮೊದಲು ಸರ್ಕಾರದ ಮುಂದೆ, ‘ಈ ಕೆಲಸಕ್ಕೆ ನಮ್ಮ ದೇಶದವರು ಸಿಗಲಿಲ್ಲ, ಹೊರಗಿನವರು ಬೇಕು’ ಎಂದು ಸಾಬೀತು ಮಾಡಬೇಕು. ಆ ಒಪ್ಪಿಗೆಗೆ ಎಲ್‌ಎಂಐಎ ಎನ್ನುತ್ತಾರೆ. ಅಲ್ಲಿ ಕಾಯಂ ನೆಲೆಸಲು ನುರಿತ ಕೆಲಸಗಾರರ ಯೋಜನೆಯಲ್ಲಿ ಅರ್ಜಿ ಹಾಕುವಾಗ ಲೆಕ್ಕಕ್ಕೆ ಬರುವ ಕೆಲಸ ಪೂರ್ಣಾವಧಿಯದ್ದಾಗಿರಬೇಕು, ವರ್ಷದಲ್ಲಿ ಕೆಲವು ತಿಂಗಳಷ್ಟೇ ಇರುವ ಸೀಸನ್ ಕೆಲಸವಾಗಿರಬಾರದು, ಕನಿಷ್ಠ ಒಂದು ವರ್ಷದ್ದಾಗಿರಬೇಕು. ‘ಆರು ತಿಂಗಳು ಸೇಬು ಕೀಳುವ ಕೆಲಸ, ಆಮೇಲೆ ಪಿ.ಆರ್.’ ಎಂದು ಯಾರಾದರೂ ಹೇಳಿದರೆ ಈ ಮೂರು ಮಾತು ನೆನಪಿರಲಿ.

ಜರ್ಮನಿಯಲ್ಲಿ ಕೆಲಸದ ಪತ್ರಕ್ಕಿಂತ ಮೊದಲು ನಿಮ್ಮ ಓದಿನ ಲೆಕ್ಕ ಬರುತ್ತದೆ. ನರ್ಸ್ ಆಗಿದ್ದರೆ ನಿಮ್ಮ ಕೋರ್ಸಿಗೆ ಅಲ್ಲಿ ಮಾನ್ಯತೆ ಸಿಗಬೇಕು, ಜರ್ಮನ್ ಭಾಷೆ ಬರಬೇಕು. 2024ರ ಮಾರ್ಚ್‌ನಿಂದ ಇನ್ನೊಂದು ದಾರಿ ತೆರೆದಿದೆ. ತಾಯ್ನಾಡಿನಲ್ಲಿ ಸರ್ಕಾರ ಒಪ್ಪಿದ ಕನಿಷ್ಠ ಎರಡು ವರ್ಷದ ವೃತ್ತಿ ತರಬೇತಿ, ಕಳೆದ ಐದು ವರ್ಷದಲ್ಲಿ ಎರಡು ವರ್ಷದ ಅನುಭವ, ನಿಗದಿ ಮಾಡಿದ ಸಂಬಳಕ್ಕೆ ಕಡಿಮೆ ಇಲ್ಲದ ಕೆಲಸದ ಪತ್ರ ಇದ್ದರೆ, ಪೂರ್ಣ ಮಾನ್ಯತೆ ಇಲ್ಲದೆಯೂ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ‘ಅವಕಾಶ ಕಾರ್ಡ್’ ಕೂಡ ಇದೆ. ಅಂಕಗಳ ಲೆಕ್ಕದಲ್ಲಿ ಪಾಸಾಗಿ, ಖರ್ಚಿನ ಹಣ ಬ್ಯಾಂಕಿನಲ್ಲಿ ತೋರಿಸಿದರೆ, ಅಲ್ಲಿಗೇ ಹೋಗಿ ಒಂದು ವರ್ಷದವರೆಗೆ ಕೆಲಸ ಹುಡುಕಬಹುದು. ಅದಕ್ಕೆ ಕೆಲಸದ ಪತ್ರವೇ ಬೇಡ. ಬೇಡದ ಪತ್ರವನ್ನೂ ಲಕ್ಷಕ್ಕೆ ಮಾರುವವರು ಇದ್ದಾರೆ, ಎಚ್ಚರ.

ದುಡ್ಡು ಯಾವ ಕಡೆಗೆ ಹರಿಯುತ್ತಿದೆ?

ಪತ್ರ ಅಸಲಿಯೋ ನಕಲಿಯೋ ಎಂದು ಇಂಗ್ಲಿಷ್ ಬಾರದ ಅಪ್ಪ ಅಮ್ಮ ಪತ್ತೆ ಹಚ್ಚುವುದು ಕಷ್ಟ. ಸೀಲು, ಸಹಿ, ಬಾರ್‌ಕೋಡ್ ಎಲ್ಲವನ್ನೂ ಯಾವ ಸೈಬರ್ ಸೆಂಟರಿನಲ್ಲಾದರೂ ಮಾಡಿ ಕೊಡುತ್ತಾರೆ. ಆದರೆ ಹಣ ಯಾರ ಜೇಬಿನಿಂದ ಯಾರ ಜೇಬಿಗೆ ಹೋಗುತ್ತಿದೆ ಎಂದು ನೋಡಲು ಇಂಗ್ಲಿಷ್ ಬೇಕಿಲ್ಲ.

ಕೆನಡಾದಲ್ಲಿ ಎಲ್‌ಎಂಐಎ ಅರ್ಜಿಗೆ ಒಂದು ಹುದ್ದೆಗೆ 1,000 ಡಾಲರ್ ಶುಲ್ಕ. ಅದನ್ನು ಕಟ್ಟಬೇಕಾದವನು ಧಣಿ. ಕೆಲಸಗಾರನಿಂದ ಆ ಹಣವನ್ನು ವಸೂಲು ಮಾಡುವಂತಿಲ್ಲ. ಬ್ರಿಟನ್ನಿನಲ್ಲಿ ದೊಡ್ಡ ಸಂಸ್ಥೆಗಳು ಹೊರಗಿನ ಒಬ್ಬ ನುರಿತ ಕೆಲಸಗಾರನಿಗೆ ವರ್ಷಕ್ಕೆ 1,000 ಪೌಂಡಿಗೂ ಮೇಲೆ ‘ಕೌಶಲ ಶುಲ್ಕ’ವನ್ನು ಸರ್ಕಾರಕ್ಕೆ ಕಟ್ಟುತ್ತವೆ. ಅದನ್ನು ಕೆಲಸಗಾರನ ತಲೆಗೆ ಕಟ್ಟುವಂತಿಲ್ಲ. ಲೈಸೆನ್ಸಿನ ಖರ್ಚು, ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿನ ಶುಲ್ಕವನ್ನೂ ನುರಿತ ಕೆಲಸಗಾರರಿಂದ ವಸೂಲು ಮಾಡಬಾರದು ಎಂದು 2024ರ ಡಿಸೆಂಬರ್ 31ರಿಂದ ಅಲ್ಲಿನ ಸರ್ಕಾರ ಬಿಗಿ ಮಾಡಿದೆ. ವೀಸಾ ಶುಲ್ಕ, ಭಾಷಾ ಪರೀಕ್ಷೆಯ ಶುಲ್ಕದಂಥವು ಕೆಲಸಗಾರರ ಮೇಲೆ ಬೀಳಬಹುದು. ಅವುಗಳಿಗೆ ಸರ್ಕಾರ ಅಥವಾ ಪರೀಕ್ಷೆ ನಡೆಸುವ ಸಂಸ್ಥೆಯ ರಸೀದಿ ಸಿಗುತ್ತದೆ, ಮೊತ್ತ ಬಹಿರಂಗವಾಗಿ ಬರೆದಿರುತ್ತದೆ. ಕೆಲಸಕ್ಕೆ ಮಾತ್ರ ಬೆಲೆ ಇಲ್ಲ.

ನಮ್ಮ ದೇಶದ ಕಾನೂನೂ ಸುಮ್ಮನೆ ಕೂತಿಲ್ಲ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ನೇಮಕ ಮಾಡಿಕೊಡುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು. ದೊಡ್ಡ ಏಜೆನ್ಸಿಯಾದರೆ 50 ಲಕ್ಷ ರೂಪಾಯಿ ಬ್ಯಾಂಕ್ ಗ್ಯಾರಂಟಿ ಇಡಬೇಕು. ಹೀಗೆ ನೋಂದಾಯಿತನಾದ ಏಜೆಂಟ್ ಕೂಡ ಒಬ್ಬರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಎಲ್ಲ ಸೇರಿ 35,400. ರಸೀದಿ ಕೊಡಲೇಬೇಕು.

ಈಗ ಹತ್ತು ಲಕ್ಷವನ್ನು ಈ 35,400ರ ಪಕ್ಕದಲ್ಲಿ ಇಟ್ಟು ನೋಡಿ. ಉಳಿದದ್ದು ಯಾರಿಗೆ, ಯಾತಕ್ಕೆ? ಈ ಪ್ರಶ್ನೆಯನ್ನು ಕೇಳಿದರೆ ಬರುವ ಉತ್ತರವೂ ಸಿದ್ಧವಾಗಿರುತ್ತದೆ: ‘ಸಾರ್, ನಾವು ಏಜೆಂಟರಲ್ಲ, ಕನ್ಸಲ್ಟೆನ್ಸಿ. ಇದು ಪ್ರೊಸೆಸಿಂಗ್ ಚಾರ್ಜು.’ ಹೆಸರು ಬದಲಾದರೆ ಕೆಲಸ ಬದಲಾಗುವುದಿಲ್ಲ. ಅರ್ಜಿ ತುಂಬಿಸಿ ಕೊಡುವುದಕ್ಕೆ, ದಾಖಲೆ ಜೋಡಿಸಿ ಕೊಡುವುದಕ್ಕೆ ಫೀಸು ತೆಗೆದುಕೊಂಡರೆ ಅದು ಬೇರೆ ಮಾತು. ‘ಕೆಲಸ ನಾವೇ ಕೊಡಿಸುತ್ತೇವೆ’ ಎಂದರೆ ಅದು ನೇಮಕಾತಿ, ಅದಕ್ಕೆ ನೋಂದಣಿ ಬೇಕು.

ಪತ್ರ ಮಾರಿದ ಊರುಗಳಲ್ಲಿ ಏನಾಯಿತು

ಇದು ಹೆದರಿಸಲು ಹೇಳುವ ಮಾತಲ್ಲ, ಆಗಿಹೋದ ಸಂಗತಿ.

ಬ್ರಿಟನ್ 2022ರ ಫೆಬ್ರವರಿಯಲ್ಲಿ ಕೇರ್ ವರ್ಕರ್ ಕೆಲಸಕ್ಕೆ ಹೊರದೇಶದವರಿಗೆ ಬಾಗಿಲು ತೆರೆಯಿತು. ಜನ ಹೋದರು, ನಮ್ಮವರೂ ಹೋದರು. ಕೆಲಸದ ಪತ್ರಗಳಿಗೆ ಬೆಲೆ ಕಟ್ಟಿ ಮಾರುವ ದಂಧೆಯೂ ಜೊತೆಗೇ ಹುಟ್ಟಿತು. ಕೆಲವು ಸಂಸ್ಥೆಗಳಲ್ಲಿ ಹೇಳಿದಷ್ಟು ಕೆಲಸವೇ ಇರಲಿಲ್ಲ. 2022ರ ಜುಲೈಯಿಂದ 2024ರ ಡಿಸೆಂಬರ್‌ವರೆಗೆ ಅಲ್ಲಿನ ಸರ್ಕಾರ 470ಕ್ಕೂ ಹೆಚ್ಚು ಆರೈಕೆ ಸಂಸ್ಥೆಗಳ ಲೈಸೆನ್ಸ್ ಕಿತ್ತುಕೊಂಡಿತು. ಅವುಗಳ ಜೊತೆ ಸಂಬಂಧ ಇದ್ದ ಕೆಲಸಗಾರರು 39,000ಕ್ಕೂ ಹೆಚ್ಚು. ಲೈಸೆನ್ಸ್ ಹೋದರೆ ಕೆಲಸಗಾರರಿಗೆ ಸಾಮಾನ್ಯವಾಗಿ ಸಿಗುವುದು 60 ದಿನ. ಅಷ್ಟರೊಳಗೆ ಲೈಸೆನ್ಸ್ ಇರುವ ಇನ್ನೊಬ್ಬ ಧಣಿಯನ್ನು ಹುಡುಕಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ತಪ್ಪು ಮಾಡಿದ್ದು ಸಂಸ್ಥೆ. ಗಡುವು ಬಿದ್ದದ್ದು ಕೆಲಸಗಾರರಿಗೆ.

ಕೆನಡಾದಲ್ಲಿ ಪತ್ರದ ಮಾರಾಟ ಎಷ್ಟು ಬೆಳೆಯಿತೆಂದರೆ ಸರ್ಕಾರ ನಿಯಮವನ್ನೇ ಬದಲಿಸಿತು. ಅಲ್ಲಿ ಕಾಯಂ ವಾಸಕ್ಕೆ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ಅಂಕಗಳ ಸ್ಪರ್ಧೆ ಇದೆ. ಲೆಕ್ಕಕ್ಕೆ ಬರುವ ಕೆಲಸದ ಪತ್ರ ಇದ್ದರೆ 50 ಅಂಕ, ದೊಡ್ಡ ಅಧಿಕಾರಿ ಹುದ್ದೆಯಾದರೆ 200 ಅಂಕ ಸಿಗುತ್ತಿತ್ತು. ಆ ಅಂಕಕ್ಕಾಗಿಯೇ ಜನ ದುಡ್ಡು ಸುರಿದು ಪತ್ರ ಕೊಳ್ಳುತ್ತಿದ್ದರು. 2025ರ ಮಾರ್ಚ್ 25ರಿಂದ ಆ ಅಂಕಗಳನ್ನೇ ತೆಗೆದುಹಾಕಿದರು. ಅದಕ್ಕೆ ಮೊದಲು ಸಾಲ ಮಾಡಿ ಪತ್ರ ಕೊಂಡು, ಸರದಿ ಬರಲಿ ಎಂದು ಕಾಯುತ್ತಿದ್ದವರ ಸ್ಥಿತಿ ಯೋಚಿಸಿ. ಪತ್ರ ಕೈಯಲ್ಲಿದೆ, ಅದಕ್ಕೆ ಸಿಗುತ್ತಿದ್ದ ಅಂಕ ಹೋಯಿತು, ಸಾಲ ಮಾತ್ರ ಉಳಿಯಿತು. ಈ ನಿಯಮಗಳು ನಮ್ಮ ಕೈಯಲ್ಲಿ ಇಲ್ಲ, ರಾತ್ರೋರಾತ್ರಿ ಬದಲಾಗುತ್ತವೆ. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಪ್ರಕಟಿಸಿದಾಗ ಬೆಂಗಳೂರಿನ ಸಾಫ್ಟ್‌ವೇರ್ ಮನೆಗಳೇ ನಿದ್ದೆಗೆಟ್ಟವು. ಅವರಿಗೇ ಹಾಗಾದರೆ ಅಡವಿಟ್ಟ ಜಮೀನಿನ ಮೇಲೆ ಹೊರಟವರ ಗತಿ ಏನು?

ಇನ್ನೂ ಹತ್ತಿರದ್ದು ಹೇಳುತ್ತೇವೆ. 2024ರಲ್ಲಿ ನಮ್ಮದೇ ಕಲಬುರಗಿ ಜಿಲ್ಲೆಯ ಮೂವರು ಯುವಕರು ರಷ್ಯಾದಲ್ಲಿ ಸಿಕ್ಕಿಹಾಕಿಕೊಂಡ ಸುದ್ದಿ ನೀವು ಓದಿರುತ್ತೀರಿ. ಸೆಕ್ಯೂರಿಟಿ ಕೆಲಸ ಎಂದು ಹೇಳಿ ಕರೆದೊಯ್ದು ಯುದ್ಧದ ಗಡಿಗೆ ತಳ್ಳಿದ್ದರು. ಯೂಟ್ಯೂಬ್ ವಿಡಿಯೊ ನೋಡಿ ನಂಬಿದ್ದರು. ಆ ವರ್ಷದ ಮಾರ್ಚ್‌ನಲ್ಲಿ ಸಿಬಿಐ ಈ ಜಾಲದ ಮೇಲೆ ಕೇಸು ಹಾಕಿತು. ಯುವಕರು ಸೆಪ್ಟೆಂಬರ್‌ನಲ್ಲಿ ಜೀವಂತ ಮರಳಿದರು, ಅದು ಅವರ ಮನೆಯವರ ಪುಣ್ಯ. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆ ಅಡ್ಡೆಗಳಿಂದ ಬಿಡಿಸಿದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಒಳ್ಳೆಯ ಸಂಬಳದ ಆಫೀಸು ಕೆಲಸ ಎಂದು ನಂಬಿಸಿ ಇಂಥ ಅಡ್ಡೆಗಳಿಗೆ ಜನರನ್ನು ಸಾಗಿಸುತ್ತಾರೆ. ಅಲ್ಲೂ ಕಥೆ ಶುರುವಾಗುವುದು ಫೋನಿಗೆ ಬರುವ ಒಂದು ಕೆಲಸದ ಮೆಸೇಜಿನಿಂದಲೇ.

‘ದುಡ್ಡು ಕೊಡದೆ ಯಾರು ಕರೀತಾರೆ?’

ನಾವು ಇದನ್ನೆಲ್ಲ ಹೇಳಿದಾಗ ಊರಲ್ಲಿ ಎದುರು ಮಾತು ಬರುತ್ತದೆ. ಅದನ್ನೂ ಕೇಳಬೇಕು, ಯಾಕೆಂದರೆ ಅದರಲ್ಲಿ ನಿಜವೂ ಇದೆ.

ಒಂದು ಮಾತು: ‘ಆನ್‌ಲೈನಿನಲ್ಲಿ ನೂರು ಅರ್ಜಿ ಹಾಕಿದರೂ ಯಾವ ಕಂಪನಿಯೂ ಉತ್ತರ ಕೊಡಲ್ಲ. ಏಜೆಂಟನಾದರೆ ಫೋನ್ ಎತ್ತುತ್ತಾನೆ.’ ನಿಜ. ಹಳ್ಳಿಯಿಂದ ಬಂದ ಹುಡುಗಿಗೆ ಲಂಡನ್ನಿನ ಆಸ್ಪತ್ರೆಯ ಸಂದರ್ಶನಕ್ಕೆ ತಯಾರಿ ಮಾಡಿಸುವವರು ಬೇಕು, ಬಯೋಡೇಟಾ ತಿದ್ದುವವರು ಬೇಕು. ನೋಂದಾಯಿತ ಏಜೆನ್ಸಿಗಳಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡುವವರೂ ಇದ್ದಾರೆ. ಆದರೆ ನರ್ಸ್‌ಗಳ ಕೊರತೆ ಇರುವ ಆಸ್ಪತ್ರೆಗಳು ನೇಮಕಾತಿಯ ಖರ್ಚನ್ನು ತಾವೇ ಕೊಡುವ ಪದ್ಧತಿ ಇದೆ. ಆ ಕಡೆಯಿಂದ ಹಣ ಬರುವಾಗ ಈ ಕಡೆಯಿಂದ ಹತ್ತು ಲಕ್ಷ ಯಾಕೆ?

ಇನ್ನೊಂದು ಮಾತು: ‘ಹತ್ತು ಹನ್ನೆರಡು ಲಕ್ಷ ಹೋದರೆ ಹೋಗಲಿ, ಒಂದು ವರ್ಷದಲ್ಲಿ ದುಡಿದು ತೀರಿಸ್ತಾಳೆ.’ ಲೆಕ್ಕ ಹಾಕೋಣ. 12 ಲಕ್ಷ ಕೈಸಾಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ 24,000, ವರ್ಷಕ್ಕೆ 2,88,000 ಬರೀ ಬಡ್ಡಿ. ವೀಸಾ ತಡವಾಗುವ ಒಂದೊಂದು ತಿಂಗಳೂ ಈ ಬಡ್ಡಿ ಓಡುತ್ತಲೇ ಇರುತ್ತದೆ. ವೀಸಾ ಸಿಕ್ಕರೂ ಮೊದಲ ತಿಂಗಳುಗಳ ಸಂಬಳ ಅಲ್ಲಿನ ಬಾಡಿಗೆ, ಬಸ್ಸು, ಚಳಿಯ ಬಟ್ಟೆಗೆ ಹೋಗುತ್ತದೆ. ಸಾಲ ಹೊತ್ತು ಹೋದವರು ಅಲ್ಲಿ ಕಿರುಕುಳ ಆದರೂ ಬಾಯಿ ಬಿಡುವುದಿಲ್ಲ. ಕೆಲಸ ಬಿಟ್ಟರೆ ಊರಲ್ಲಿ ಸಾಲಗಾರ ಮನೆ ಮುಂದೆ ಕೂರುತ್ತಾನೆ ಎಂಬ ಹೆದರಿಕೆ. ಸಾಲಕ್ಕೆ ಕಟ್ಟಿಬಿದ್ದು ದುಡಿಯುವುದನ್ನು ನಮ್ಮ ಹಿರಿಯರು ಜೀತ ಎಂದು ಕರೆದರು. ವಿಮಾನ ಹತ್ತಿ ಹೋದ ಮಾತ್ರಕ್ಕೆ ಅದರ ಹೆಸರು ಬದಲಾಗುವುದಿಲ್ಲ.

ಅದೇ ದುಡ್ಡಿನಲ್ಲಿ ಒಂದು ಪಾಲು ಸಾಕು

ಹಾಗಾದರೆ ಹಣವನ್ನು ಎಲ್ಲಿ ಹಾಕಬೇಕು? ಯಾರೂ ಕಸಿದುಕೊಳ್ಳಲಾಗದ ಕಡೆ ಹಾಕಬೇಕು.

ಮೊದಲನೆಯದು ಭಾಷೆ. ಬ್ರಿಟನ್ನಿಗೆ ಹೋಗುವ ನರ್ಸ್ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಯಾಗಬೇಕು. ಅದಕ್ಕೆ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ, ಆಮೇಲೆ ಕಂಪ್ಯೂಟರ್ ಪರೀಕ್ಷೆ. ಇವನ್ನು ಭಾರತದಲ್ಲೇ ಬರೆಯಬಹುದು. ಅಲ್ಲಿಗೆ ಹೋದ ಮೇಲೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಈ ಎರಡು ಪರೀಕ್ಷೆ ಪಾಸಾದವರ ಹಿಂದೆ ಏಜೆನ್ಸಿಗಳೇ ಬರುತ್ತವೆ, ಪಾಸಾಗದವರ ಬಳಿ ಹತ್ತು ಲಕ್ಷದ ಪತ್ರ ಇದ್ದರೂ ಪ್ರಯೋಜನವಿಲ್ಲ. ಜರ್ಮನಿಗಾದರೆ ಜರ್ಮನ್. ಜಪಾನಿಗಾದರೆ ಜಪಾನಿ ಭಾಷೆ. ನುರಿತ ಕೆಲಸಗಾರರನ್ನು ಕಳಿಸುವ ಬಗ್ಗೆ ಭಾರತ ಮತ್ತು ಜಪಾನ್ 2021ರ ಜನವರಿಯಲ್ಲಿ ಒಪ್ಪಂದ ಮಾಡಿಕೊಂಡಿವೆ. ಅಲ್ಲೂ ಭಾಷೆ ಮತ್ತು ಕೌಶಲದ ಪರೀಕ್ಷೆ ಪಾಸಾಗಬೇಕು.

ಎರಡನೆಯದು ಅನುಭವದ ಸಾಕ್ಷಿ. ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಐದಾರು ವರ್ಷ ದುಡಿದ ಹುಡುಗರು ನಮಗೆ ಗೊತ್ತು. ಕೆಲಸ ಕಣ್ಣು ಮುಚ್ಚಿಕೊಂಡು ಮಾಡುತ್ತಾರೆ. ಆದರೆ ಸಂಬಳ ಕೈಗೆ, ಪಿಎಫ್ ಇಲ್ಲ, ಪೇ ಸ್ಲಿಪ್ ಇಲ್ಲ, ಅನುಭವದ ಪತ್ರ ಇಲ್ಲ. ವಿದೇಶದ ವೀಸಾ ಅಧಿಕಾರಿಯ ಕಣ್ಣಲ್ಲಿ ಅವರಿಗೆ ಒಂದು ದಿನದ ಅನುಭವವೂ ಇಲ್ಲ. ಕೆಲಸಕ್ಕೆ ಸೇರಿದ ದಿನದಿಂದಲೇ ಪಿಎಫ್ ಕೇಳಿ, ಸಂಬಳ ಬ್ಯಾಂಕಿಗೆ ಹಾಕಲು ಕೇಳಿ, ಬಿಡುವಾಗ ಏನು ಕೆಲಸ, ಎಷ್ಟು ವರ್ಷ ಎಂದು ಬರೆದ ಪತ್ರ ಕೇಳಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ವಿದೇಶಕ್ಕೆ ಹೋಗದಿದ್ದರೂ ಇದು ಉಪಯೋಗಕ್ಕೆ ಬರುತ್ತದೆ.

ಮೂರನೆಯದು ದಾಖಲೆಯಲ್ಲಿ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಬೇರೆ. ಇದನ್ನು ಓದುವಾಗಲೇ ಸರಿ ಮಾಡಿಸಿಕೊಂಡರೆ ಆಮೇಲೆ ಓಡಾಟ ತಪ್ಪುತ್ತದೆ.

ಸರ್ಕಾರ ಊರ ಹತ್ತಿರ ಬರಬೇಕು

ಜನ ಏಜೆಂಟನ ಹತ್ತಿರ ಹೋಗುವುದು ಅವನು ಹತ್ತಿರ ಇರುವುದರಿಂದ. ಆರ್.ಟಿ. ನಗರದ ಬೋರ್ಡು ಕಾಣುತ್ತದೆ, ಸರ್ಕಾರದ ಬೋರ್ಡು ಕಾಣುವುದಿಲ್ಲ.

ಕರ್ನಾಟಕ ಸರ್ಕಾರದ್ದೇ ಒಂದು ವ್ಯವಸ್ಥೆ ಇದೆ ಎಂಬುದು ಎಷ್ಟು ಮಂದಿಗೆ ಗೊತ್ತು? ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಕೆಲಸ ಮಾಡುತ್ತಿದೆ. ಸ್ಲೊವಾಕಿಯಾ ದೇಶಕ್ಕೆ ನಮ್ಮ ಬಸ್ ಚಾಲಕರನ್ನು ಈ ಮೂಲಕವೇ ಕಳಿಸಿದ್ದಾರೆ. ಬಸ್ ಓಡಿಸುವವರು ಯುರೋಪಿನಲ್ಲಿ ಕೆಲಸಕ್ಕೆ ಹೋಗಬಹುದು ಎಂದರೆ ನಮ್ಮೂರಲ್ಲಿ ಎಷ್ಟು ಮನೆಗೆ ಅದು ಆಸೆಯ ಸುದ್ದಿ! ಆದರೆ ಕೇಂದ್ರ ಇರುವುದು ಬೆಂಗಳೂರಿನ ಡೇರಿ ಸರ್ಕಲ್ ಹತ್ತಿರದ ಕೌಶಲ್ಯ ಭವನದಲ್ಲಿ. ಯಲಹಂಕದಲ್ಲಿ ಓದುವ ಹುಡುಗಿಗೇ ಅದು ಇಪ್ಪತ್ತು ಕಿಲೋಮೀಟರ್‌ಗೂ ದೂರ. ಬೀದರಿನ ರೈತನಿಗೆ ಅದು ಇನ್ನೊಂದು ದೇಶವೇ ಸರಿ.

ಪಕ್ಕದ ಕೇರಳವನ್ನು ನೋಡಿ. ವಿದೇಶಕ್ಕೆ ಕೆಲಸಗಾರರನ್ನು ಕಳಿಸಲು ಒಡೆಪೆಕ್ ಎಂಬ ಸರ್ಕಾರಿ ಸಂಸ್ಥೆಯನ್ನು 1977ರಲ್ಲೇ ಕಟ್ಟಿದರು. 2002ರಲ್ಲಿ ನೋರ್ಕಾ ರೂಟ್ಸ್ ಬಂತು. 2021ರ ಡಿಸೆಂಬರ್‌ನಲ್ಲಿ ನೋರ್ಕಾ ಜರ್ಮನಿಯ ಸರ್ಕಾರಿ ಉದ್ಯೋಗ ಸಂಸ್ಥೆಯ ಜೊತೆ ‘ಟ್ರಿಪಲ್ ವಿನ್’ ಯೋಜನೆಗೆ ಸಹಿ ಹಾಕಿತು. ಅದರಲ್ಲಿ ಆಯ್ಕೆಯಾದ ನರ್ಸ್‌ಗಳಿಗೆ ಜರ್ಮನ್ ಭಾಷಾ ತರಬೇತಿ ಉಚಿತ, ನೇಮಕಾತಿಗೂ ಹಣವಿಲ್ಲ. ಕೆಲಸಗಾರರಿಂದ ದುಡ್ಡು ಪಡೆಯದೆಯೂ ಕೆಲಸದ ಪತ್ರ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಉತ್ತರ ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದ ಮಕ್ಕಳೂ ನಮ್ಮ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಓದುತ್ತಾರೆ. ಕೋರ್ಸ್ ಮುಗಿದ ಮೇಲೆ ಒಬ್ಬರಿಗೆ ಬೆನ್ನಿಗೆ ನಿಲ್ಲುವ ಹಳೆಯ ಸರ್ಕಾರಿ ಸಂಸ್ಥೆ, ಇನ್ನೊಬ್ಬರಿಗೆ ಗೋಡೆಯ ಮೇಲಿನ ಚೀಟಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ವಾರಕ್ಕೊಂದು ದಿನ ವಲಸೆ ಕೇಂದ್ರದವರು ಬಂದು ಕೂರಲಿ. ಪಹಣಿ ತೆಗೆದುಕೊಡುವ ಗ್ರಾಮ ಒನ್ ಕೇಂದ್ರದಲ್ಲಿ ಏಜೆಂಟನ ಹೆಸರು ಹೇಳಿದರೆ ನೋಂದಣಿ ಇದೆಯೋ ಇಲ್ಲವೋ ನೋಡಿ ಹೇಳಲಿ. ಪಂಚಾಯಿತಿಯ ಅರಿವು ಕೇಂದ್ರದ ಗೋಡೆಯಲ್ಲಿ ‘ಸೇವಾ ಶುಲ್ಕ 30,000 ದಾಟುವಂತಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆಸಲಿ. ನರ್ಸಿಂಗ್ ಕಾಲೇಜು ಮತ್ತು ಐಟಿಐಗಳ ಕೊನೆಯ ವರ್ಷದಲ್ಲಿ ಒಂದು ದಿನ ಈ ಪಾಠ ಮಾಡಲಿ.

ಕಾನೂನಿಗೂ ಹಲ್ಲು ಬೇಕು. ನೋಂದಣಿ ಇಲ್ಲದೆ ನೇಮಕಾತಿ ನಡೆಸಿದರೆ 1983ರ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ದಂಡ ಎಷ್ಟು ಗೊತ್ತೇ? ಹೆಚ್ಚೆಂದರೆ 2,000 ರೂಪಾಯಿ. ಒಬ್ಬರಿಂದ ಹತ್ತು ಲಕ್ಷ ತೆಗೆದುಕೊಳ್ಳುವವನಿಗೆ ಎರಡು ಸಾವಿರ ಒಂದು ಹೊತ್ತಿನ ಊಟದ ಬಿಲ್ಲು. ನಲವತ್ತು ವರ್ಷದ ಹಿಂದಿನ ಈ ಮೊತ್ತ ಬದಲಾಗಲೇಬೇಕು. ಸದ್ಯಕ್ಕೆ ಪೊಲೀಸರು ವಂಚನೆಯ ಕಲಂ ಅನ್ನೂ ಸೇರಿಸಿ ಕೇಸು ಹಾಕಬೇಕು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ‘ಇದು ಹಣಕಾಸಿನ ವ್ಯವಹಾರ, ನೀವೇ ಮಾತಾಡಿಕೊಳ್ಳಿ’ ಎಂದು ದೂರು ಕೊಡಲು ಬಂದವರನ್ನು ಠಾಣೆಯಿಂದ ವಾಪಸ್ ಕಳಿಸಬಾರದು.

ದುಡ್ಡು ಕಟ್ಟುವ ಮೊದಲು, ಫೋನಿನಲ್ಲೇ

ಮನೆಯಲ್ಲಿ ಯಾರಾದರೂ ವಿದೇಶದ ಕೆಲಸದ ಪತ್ರ ತಂದರೆ ಈ ಐದು ಕೆಲಸ ಮಾಡಿ.

1. ಏಜೆಂಟನ ನೋಂದಣಿ ಸಂಖ್ಯೆ ಕೇಳಿ. ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯೂ ಇದೆ, ಅಕ್ರಮ ಏಜೆಂಟರ ಪಟ್ಟಿಯೂ ಇದೆ. ಎರಡನ್ನೂ ನೋಡಿ.

2. ಧಣಿಯ ಹೆಸರನ್ನು ಆ ದೇಶದ ಪಟ್ಟಿಯಲ್ಲಿ ಹುಡುಕಿ. ಬ್ರಿಟನ್ ಸರ್ಕಾರ ಲೈಸೆನ್ಸ್ ಇರುವ ಸಂಸ್ಥೆಗಳ ಪೂರ್ತಿ ಪಟ್ಟಿಯನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿದೆ. ಕೆನಡಾ ಎಲ್‌ಎಂಐಎ ಒಪ್ಪಿಗೆ ಸಿಕ್ಕ ಧಣಿಗಳ ಪಟ್ಟಿ ಪ್ರಕಟಿಸುತ್ತದೆ. ಹೆಸರು ಸಿಕ್ಕರೆ ಏಜೆಂಟ್ ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ. ಆ ಸಂಸ್ಥೆಯ ಸ್ವಂತ ವೆಬ್‌ಸೈಟಿನ ವಿಳಾಸಕ್ಕೆ ಬರೆದು, ಈ ಪತ್ರ ನೀವೇ ಕೊಟ್ಟದ್ದಾ ಎಂದು ಕೇಳಿ.

3. ಯಾವ ವೀಸಾ ಎಂದು ನೋಡಿ. ‘ಮೊದಲು ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸ್ತೀವಿ’ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ.

4. ಯಾವ ಹಣವನ್ನೂ ನಗದಾಗಿ ಕೊಡಬೇಡಿ, ಯಾರದೋ ಸ್ವಂತ ಖಾತೆಗೆ, ಯುಪಿಐಗೆ ಹಾಕಬೇಡಿ. ರಸೀದಿ ಇಲ್ಲದ ಹಣಕ್ಕೆ ಸಾಕ್ಷಿ ಇಲ್ಲ. ಪಾಸ್‌ಪೋರ್ಟ್ ಮತ್ತು ಮೂಲ ಅಂಕಪಟ್ಟಿಯನ್ನು ಅಡವಿನ ಹಾಗೆ ಇಟ್ಟುಕೊಳ್ಳಲು ಬಿಡಬೇಡಿ.

5. ಅನುಮಾನ ಇದ್ದರೆ ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಕರೆ ಮಾಡಿ: 1800 11 3090. ಕರೆ ಉಚಿತ. ಹಣ ಆಗಲೇ ಆನ್‌ಲೈನಿನಲ್ಲಿ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಠಾಣೆಗೆ ದೂರು ಕೊಡಿ. ಮರ್ಯಾದೆ ಹೋಗುತ್ತದೆ ಎಂದು ಸುಮ್ಮನಿರಬೇಡಿ. ಮೋಸ ಮಾಡಿದವನಿಗೆ ಇಲ್ಲದ ನಾಚಿಕೆ ಮೋಸ ಹೋದವರಿಗೆ ಯಾಕೆ?

ಓದುವ ಮಕ್ಕಳಿಗೆ ಒಂದು ಮಾತು. ನಿಮ್ಮ ಅಪ್ಪ ಅಮ್ಮನಿಗೆ ವೀಸಾ, ಸ್ಪಾನ್ಸರ್ ಎಂಬುದೆಲ್ಲ ಗೊತ್ತಿಲ್ಲ. ನೀವು ‘ಬಂತು’ ಎಂದರೆ ಅವರು ನಂಬುತ್ತಾರೆ, ಜಮೀನಿನ ಕಾಗದ ತಂದು ಕೊಡುತ್ತಾರೆ. ಅದಕ್ಕೇ ಅವರ ಮುಂದೆ ಪತ್ರ ಇಡುವ ಮೊದಲು ಈ ಐದು ಪ್ರಶ್ನೆಗೆ ನೀವೇ ಉತ್ತರ ಹುಡುಕಿ.

ಹಿರಿಯರಿಗೂ ಒಂದು ಮಾತು. ಈ ಸಲದ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ: ವಿದೇಶದ ಕೆಲಸಕ್ಕೆ ಹೋಗುವ ನಮ್ಮ ಮಕ್ಕಳಿಗೆ ದಾರಿ ಹೇಳುವವರು ನಮ್ಮ ತಾಲ್ಲೂಕಿನಲ್ಲಿ ಯಾರು? ಪಿಡಿಒ ಬಳಿ ಉತ್ತರ ಇಲ್ಲದಿದ್ದರೆ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದದ್ದಕ್ಕೆ ಒಂದು ದಿನ ಉತ್ತರ ಕೊಡಲೇಬೇಕಾಗುತ್ತದೆ.